ನಾನು ಎದ್ದು ಹೋಗಬೇಕಿದ್ದ ಸಂದರ್ಶನ

ಸಿಂಗಾಪುರದ ಆಂಗ್ ಮೋ ಕಿಯೋದಲ್ಲಿ ವೈದ್ಯಕೀಯ ಉಪಕರಣಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ನಾನು ಮ್ಯಾನೇಜರ್ ಆಗಿದ್ದೆ. ಪಕ್ಕದ ಕೋಣೆಯಲ್ಲಿ ಒಬ್ಬ ಹಿರಿಯ ಯಹೂದಿ ಸಹೋದ್ಯೋಗಿ ಇದ್ದರು. ಅವರದು ತಲೆಮಾರುಗಳಿಂದ ಇಲ್ಲೇ ಇರುವ ಮನೆತನ. ಮಾಂಸದ ಜೊತೆ ಹಾಲು ಅವರ ಧರ್ಮದಲ್ಲಿ ನಿಷಿದ್ಧ. ಮಧ್ಯಾಹ್ನ ಮನೆಯಿಂದ ತಂದ ಕೋಳಿಯ ಊಟ ಮುಗಿಸಿ ಸೋಯಾ ಹಾಲಿನ ಕಾಫಿ ಕುಡಿಯುವಾಗ, ಸೋಯಾ ಹಾಲಿನ ಪೊಟ್ಟಣವನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದರು.

ಯಾಕೆ ಎಂದು ಒಮ್ಮೆ ಕೇಳಿದೆ.

"ನೋಡಿದವರು ತಪ್ಪು ತಿಳಿಯಬಾರದಲ್ಲ," ಎಂದರು. ತಪ್ಪು ಮಾಡದಿದ್ದರೆ ಸಾಲದು, ಮಾಡಿದಂತೆ ಕಾಣಲೂಬಾರದು. ಅವರ ಹಿರಿಯರು ಇದನ್ನು ಮರಿತ್ ಆಯಿನ್ ಎನ್ನುತ್ತಾರಂತೆ. ನನಗೆ ಅತಿಯೆನಿಸಿತು. ಮನಸ್ಸು ಶುದ್ಧವಿದ್ದರೆ ಕಂಡವರಿಗೆಲ್ಲ ಯಾಕೆ ಉತ್ತರ ಕೊಡಬೇಕು ಎಂದು ವಾದಿಸಿದೆ. ಅವರು ನಕ್ಕು ಕಾಫಿ ಮುಗಿಸಿದರು.

ಆ ವರ್ಷ ಬಿಡಿಭಾಗಗಳನ್ನು ಪರೀಕ್ಷಿಸುವ ತಂಡದ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ತಂಡದ ಮೂವರು ಅರ್ಜಿ ಹಾಕಿದರು. ಅವರಲ್ಲಿ ಒಬ್ಬಳು ನಮ್ಮೂರು ಮೈಸೂರಿನ ಹುಡುಗಿ. ವುಡ್‌ಲ್ಯಾಂಡ್ಸ್‌ನಲ್ಲಿ ನಮ್ಮ ಬ್ಲಾಕ್‌ನಲ್ಲೇ ಬಾಡಿಗೆಗಿದ್ದಳು. ಹಬ್ಬದ ಊಟ ನಮ್ಮ ಮನೆಯಲ್ಲೇ. ಕೆಲಸದಲ್ಲಿ ಅವಳೇ ಎಲ್ಲರಿಗಿಂತ ಮುಂದು. ಸಂದರ್ಶನ ನಡೆಸುವವರು ನಾನು, ಆ ಹಿರಿಯರು ಮತ್ತು ಎಚ್‌ಆರ್‌ನ ಒಬ್ಬ ಮಹಿಳೆ.

ಆ ದಿನ ಬೆಳಿಗ್ಗೆ ಜೋರು ಮಳೆ. ಕಟ್ಟಡದಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಅವಳು ಫೈಲನ್ನು ಎದೆಗವಚಿಕೊಂಡು ನಿಂತಿದ್ದಳು. ಕಾರು ನಿಲ್ಲಿಸಿ ಕರೆದೆ.

"ಇವತ್ತು ಬೇಡ ಸರ್. ಎಂಆರ್‌ಟಿ ಟ್ರೇನಲ್ಲೇ ಬರ್ತೀನಿ."

"ಒದ್ದೆ ಬಟ್ಟೇಲಿ ಇಂಟರ್‌ವ್ಯೂಗೆ ಕೂತ್ಕೋತೀಯೇನಮ್ಮಾ? ಹತ್ತು."

ಗದರಿಸಿಯೇ ಹತ್ತಿಸಿಕೊಂಡೆ. ದಾರಿಯಲ್ಲಿ ಸಂದರ್ಶನದ ಮಾತೇ ಬರಲಿಲ್ಲ. ಆದರೆ ಕಂಪನಿಯ ಬಾಗಿಲಲ್ಲಿ ಇಳಿದಾಗ ಉಳಿದಿಬ್ಬರು ಅಭ್ಯರ್ಥಿಗಳು ಅಲ್ಲೇ ನಿಂತಿದ್ದರು. ಹಿಂದೆಯೇ ಆ ಹಿರಿಯರೂ ಬಂದರು.

ಅವರು ನನ್ನನ್ನು ಕೋಣೆಗೆ ಕರೆದರು. "ಇವತ್ತು ನೀವು ಹೊರಗಿರಿ. ಬೇರೆ ಯಾರಾದರೂ ಕೂರಲಿ."

"ನನ್ನ ಮೇಲೆ ಅನುಮಾನವೇ?"

"ಖಂಡಿತ ಇಲ್ಲ. ಆದರೆ ನಾಳೆಯಿಂದ ಆ ಇಬ್ಬರ ಜೊತೆ ಕೆಲಸ ಮಾಡಬೇಕಾದವಳು ಅವಳು, ನೀವಲ್ಲ."

ನನಗೆ ಅವಮಾನವಾಯಿತು. ಎದ್ದು ಹೋದರೆ ತಪ್ಪು ಒಪ್ಪಿಕೊಂಡ ಹಾಗೆ ಎಂದು ಹಟ ಹಿಡಿದು ಕೂತೆ.

ಮೂವರೂ ಅವಳನ್ನೇ ಆರಿಸಿದೆವು. ವಾರದೊಳಗೆ "ಇಬ್ಬರೂ ಒಂದೇ ಊರಿನವರು ಲಾ" ಎಂದು ಸಿಂಗಾಪುರದ ಧಾಟಿಯಲ್ಲಿ ಆಡಿದ ಮಾತು ಕ್ಯಾಂಟೀನಿನಲ್ಲಿ ನನ್ನ ಕಿವಿಗೇ ಬಿತ್ತು. ಅವಳು ಸಹಿ ಹಾಕಿದ ವರದಿಗಳನ್ನು ಆ ಇಬ್ಬರೂ ಮೇಲಿನವರಿಗೆ ಕಳಿಸಿ ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತಿದ್ದರು. ಒಂದರಲ್ಲೂ ತಪ್ಪು ಸಿಗಲಿಲ್ಲ, ಆದರೂ ನಿಲ್ಲಿಸಲಿಲ್ಲ. ಅವಳು ಊಟಕ್ಕೆ ಒಬ್ಬಳೇ ಹೋಗತೊಡಗಿದಳು. ನಾನು ಅವಳ ಪರ ಮಾತಾಡಿದಷ್ಟೂ ಗುಸುಗುಸು ಹೆಚ್ಚಾಯಿತು.

ಎಂಟು ತಿಂಗಳಿಗೆ ರಾಜೀನಾಮೆ ಪತ್ರ ಹಿಡಿದು ನನ್ನ ಮುಂದೆ ಬಂದು ಕೂತಳು.

"ಸರ್, ಅವತ್ತು ನೀವು ಪ್ಯಾನೆಲ್‌ನಲ್ಲಿ ಇಲ್ದೇ ಇದ್ರೂ ನಂಗೆ ಈ ಕೆಲ್ಸ ಸಿಗ್ತಿತ್ತು ಅಲ್ವಾ?"

"ಸಿಗ್ತಿತ್ತು."

"ಹಾಗಿದ್ರೆ ನೀವು ಇರ್ಬಾರ್ದಿತ್ತು ಸರ್."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಏನಾದರೂ ಸಮಜಾಯಿಷಿ ಹೇಳಬಹುದಿತ್ತು. ಅಂದು ಮಳೆಯಲ್ಲಿ ಅವಳೇ ಕಾರು ಬೇಡವೆಂದಿದ್ದಳು ಎಂಬುದಷ್ಟೇ ನೆನಪಾಯಿತು. ನನ್ನ ಪ್ರಾಮಾಣಿಕತೆಯ ಹೆಮ್ಮೆಗೆ ಅವಳ ಎಂಟು ತಿಂಗಳನ್ನು ತೆತ್ತಿದ್ದೆ.

ಹಿರಿಯರಿಗೆ ಹೇಳಿದೆ. ಆಗಲೇ ಹೇಳಿದ್ದೆನಲ್ಲ ಎಂದು ಅವರು ಅನ್ನಲಿಲ್ಲ. "ಅವಳಿಗೊಂದು ಶಿಫಾರಸು ಪತ್ರ ನಾನು ಬರೆಯುತ್ತೇನೆ," ಎಂದರು. ನಾನೂ ಸಹಿ ಹಾಕಲೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದರು. ಈ ಸಲ ನಾನು ವಾದಿಸಲಿಲ್ಲ.

ಅವಳಿಗೆ ಸಿಂಗಾಪುರದ ಇನ್ನೊಂದು ಭಾಗದ ಉಬಿಯಲ್ಲಿ ಒಳ್ಳೆಯ ಕೆಲಸವೇ ಸಿಕ್ಕಿತು. ಮನೆಯನ್ನೂ ಆ ಕಡೆಗೇ ಬದಲಾಯಿಸಿದಳು. ಯುಗಾದಿಗೆ ಹೆಂಡತಿ ಫೋನ್ ಮಾಡಿ ಊಟಕ್ಕೆ ಕರೆದಳು. "ನೋಡ್ತೀನಿ ಆಂಟಿ," ಎಂದಳಂತೆ. ಬರಲಿಲ್ಲ.