ತೋರಣದ ಮೊಳೆ

ಆ ಇಂಟರ್ನೆಟ್ ವೈರಿಗೆ ಮೊಳೆ ಹೊಡೆದವನು ನಾನು. ಅದರಲ್ಲಿ ಜಾಯಿಂಟ್ ಇರಲಿಲ್ಲ, ಯಾವತ್ತೂ ಇರಲಿಲ್ಲ. ಇಮ್ತಿಯಾಜ್ ನಮ್ಮ ಮನೆಗೆ ಎಳೆದದ್ದು ತುದಿಯಿಂದ ತುದಿಯವರೆಗೆ ಒಂದೇ ಹೊಸ ವೈರು. ಇದನ್ನು ನಾನು ಕಣ್ಣಾರೆ ಕಂಡು ನಾಲ್ಕು ವರ್ಷವಾಯಿತು. ನಾಲ್ಕು ವರ್ಷ ಬಾಯಿ ಬಿಡಲಿಲ್ಲ.

ಹುಣಸೂರಿನ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದ ಕಾಲದಿಂದಲೂ ಯಾವುದನ್ನೂ ಪರೀಕ್ಷಿಸದೆ ಒಪ್ಪುವವನಲ್ಲ ಎಂಬ ಹೆಸರು ನನಗಿದೆ— ಹೆಸರಲ್ಲ, ಜಂಬ. ಇಮ್ತಿಯಾಜ್ ನಮ್ಮೂರಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಮಾದಪ್ಪನವರ ಆಫೀಸಿನಲ್ಲಿ ಲೈನ್ ಕೆಲಸ ಮಾಡುತ್ತಿದ್ದರು. ಅವರು ಒಮ್ಮೆ ಎಳೆದ ಲೈನಿಗೆ ಎರಡನೇ ಸಲ ಬರಬೇಕಿಲ್ಲ ಎಂದು ಊರಲ್ಲಿ ಮಾತಿತ್ತು. ಅವರಿಗಿದ್ದ ಆಸ್ತಿ ಆ ಮಾತೊಂದೇ.

ನಮ್ಮ ಮನೆಯ ರೌಟರ್ ಹಾಲಿನಲ್ಲಿದೆ. ನನ್ನ ಕೋಣೆ ಇರುವುದು ಜಗಲಿಯ ಇನ್ನೊಂದು ಮಗ್ಗುಲಿಗೆ. ಇಮ್ತಿಯಾಜ್ ಹಾಲಿನ ಕಿಟಕಿಯ ಮೂಲೆಯಿಂದ ವೈರನ್ನು ಹೊರತೆಗೆದು, ತಲೆಬಾಗಿಲಿನ ಮೇಲೆ ಬಿಳಿಯ ಪ್ಲಾಸ್ಟಿಕ್ ಪಟ್ಟಿಯೊಳಗೆ ಕೂರಿಸಿ, ನನ್ನ ಮೇಜಿನವರೆಗೆ ತಂದಿದ್ದರು. ಲ್ಯಾಪ್‌ಟಾಪಿಗೆ ಸಿಕ್ಕಿಸಿ ವೇಗ ಅಳೆದೂ ತೋರಿಸಿದರು. ಮುನ್ನೂರು ಎಂಬಿಪಿಎಸ್ ಬಂತು. "ನೋಡ್ಕಳಿ ಸಾರ್, ಆಮೇಲೆ ಇಲ್ಲ ಅನ್ಬಾರ್ದು" ಎಂದು ನಕ್ಕರು.

ಯುಗಾದಿ ಕಳೆದು ಕೆಲವು ವಾರಗಳಾದ ಮೇಲೆ ಒಂದು ದಿನ ಸುಮ್ಮನೆ ಅಳೆದೆ. ತೊಂಬತ್ನಾಲ್ಕು. ಮರುದಿನ ತೊಂಬತ್ನಾಲ್ಕು. ಅದರ ಮರುದಿನವೂ ಅಷ್ಟೆ. ನಿಜ ಹೇಳಬೇಕೆಂದರೆ ನನ್ನ ಕೆಲಸಕ್ಕೆ ಅದೇ ಹೆಚ್ಚು— ಪಾಠದ ವಿಡಿಯೊ ಕಳಿಸುವುದಿತ್ತು, ಅದು ಸರಾಗವಾಗಿ ಹೋಗುತ್ತಿತ್ತು. ನನಗೆ ಏನೂ ನಷ್ಟವಾಗಿರಲಿಲ್ಲ. ಆದರೆ ಆ ಅಂಕಿ ಅಲುಗಾಡದೆ ನಿಂತದ್ದು ನನ್ನನ್ನು ಕೆಣಕಿತು. ತಾನಾಗಿ ಕೆಟ್ಟದ್ದು ಹೀಗೆ ಒಂದೇ ಅಂಕಿಗೆ ನಿಲ್ಲುವುದಿಲ್ಲ, ಯಾರೋ ಕೈಯಾಡಿಸಿದ್ದಾರೆ ಎಂದುಕೊಂಡೆ. ಸರಿಯಾಗಿ ಓದಿದ್ದರೆ ಆ ಅಂಕಿಯೇ ಉತ್ತರ ಹೇಳುತ್ತಿತ್ತು. ಅಂಥ ವೈರಿನಲ್ಲಿ ಎಂಟು ಎಳೆಗಳಿರುತ್ತವೆ. ನೀಲಿ, ಕಂದು ಜೋಡಿಗಳ ಒಂದು ಎಳೆ ತುಂಡಾದರೂ ಸಾಕು, ಎರಡು ತುದಿಯ ಯಂತ್ರಗಳೂ ನೂರರ ಒಳಗೇ ಮಾತಾಡಿಕೊಳ್ಳೋಣ ಎಂದು ಒಪ್ಪಿಕೊಂಡುಬಿಡುತ್ತವೆ. ಎಲ್ಲೋ ಓದಿದ್ದೆ ಕೂಡ. ಓದಿ ಮುಂದೆ ಹೋದೆ, ಏಕೆಂದರೆ ಅಷ್ಟರಲ್ಲಿ ನನಗೊಬ್ಬ ಕಳ್ಳ ಬೇಕಾಗಿದ್ದ.

ಮೊದಲು ಪಕ್ಕದ ಮನೆಯ ನಾಗರಾಜಣ್ಣನ ಮೇಲೆ ಅನುಮಾನ. ಎದುರಿನ ಕಂಬದ ಹತ್ತಿರ ಅವನೂ ಇಮ್ತಿಯಾಜರೂ ನಗುತ್ತ ನಿಂತದ್ದನ್ನು ನೋಡಿದ್ದೆ— ಅಷ್ಟು ನಗುವಂಥದ್ದೇನಿತ್ತು? ನನ್ನ ಲೈನನ್ನೇ ಸೀಳಿ ಅವನಿಗೂ ಕೊಟ್ಟಿರಬಹುದೆ? ಆದರೆ ಹಾಲಿನಲ್ಲಿ ರೌಟರ್ ಪಕ್ಕ ಫೋನ್ ಹಿಡಿದು ವೈಫೈಯಲ್ಲಿ ಅಳೆದರೆ ಮುನ್ನೂರರ ಹತ್ತಿರ ಬರುತ್ತಿತ್ತು. ಅಂದರೆ ಹೊರಗಿನಿಂದ ಬರುವ ಲೈನು ಸರಿಯಿದೆ. ದೋಷವಿರುವುದು ನನ್ನ ಕೋಣೆಯ ವೈರಿನಲ್ಲಿ. ಇಷ್ಟು ತಿಳಿದಾಗ ಅನುಮಾನ ಸಾಯಬೇಕಿತ್ತು. ಅದು ಸಾಯಲಿಲ್ಲ, ಜಾಗ ಬದಲಿಸಿತು. ಯಾವುದೋ ಮನೆಯಲ್ಲಿ ಮಿಕ್ಕ ಹಳೆಯ ವೈರನ್ನು ಪಟ್ಟಿಯೊಳಗೆ ಕಾಣದಂತೆ ಜಾಯಿಂಟ್ ಮಾಡಿದ್ದಾರೆ ಎಂದು ಕಟ್ಟಿಕೊಂಡೆ. ಹಾಗಾದರೆ ಮೊದಲ ದಿನ ಕಂಡ ಮುನ್ನೂರು? ಅದು ಫೋನಿನಲ್ಲಿ ಅಳೆದದ್ದಿರಬೇಕು, ನಾನೇ ತಪ್ಪಾಗಿ ನೆನಪಿಟ್ಟುಕೊಂಡಿರಬೇಕು... ನನ್ನ ನೆನಪನ್ನೂ ಅನುಮಾನಿಸಬಲ್ಲೆ ಎಂದು ನನಗೆ ಹೆಮ್ಮೆಯಾಯಿತು. ಎಲ್ಲಿ ಅನುಕೂಲವೋ ಅಲ್ಲಿ ಮಾತ್ರ ಅನುಮಾನಿಸಿದೆ ಎಂಬುದು ಆಗ ಹೊಳೆಯಲಿಲ್ಲ.

ದೂರು ಕೊಟ್ಟೆ. ಇಮ್ತಿಯಾಜ್ ಬಂದರು. ಬೇಗ ಬೇಗ ಎರಡೂ ತುದಿಯ ಪಿನ್ನು ಕತ್ತರಿಸಿ, ಎಂಟು ಬಣ್ಣದ ಎಳೆಗಳನ್ನು ಅಂಗೈ ಮೇಲೆ ಬಿಡಿಸಿ ತೋರಿಸಿ, ಹೊಸ ಪಿನ್ನು ಹಾಕಿದರು. ಅಳೆದರೆ ಮತ್ತೆ ತೊಂಬತ್ನಾಲ್ಕು.

"ತುದೀಲಿ ಏನೂ ಇಲ್ಲ ಸಾರ್. ಮಧ್ಯದಲ್ಲಿ ಎಲ್ಲೋ ಏಟು ಬಿದ್ದದೆ" ಎಂದು, ಜಗಲಿಗೆ ಬಂದು ಪಟ್ಟಿಯ ಉದ್ದಕ್ಕೂ ಬೆರಳಾಡಿಸುತ್ತ ಬಂದರು. ತಲೆಬಾಗಿಲಿನ ಹತ್ತಿರ ಬೆರಳು ನಿಂತಿತು. ಅಲ್ಲಿ ಯುಗಾದಿಯಂದು ಕಟ್ಟಿದ ಮಾವಿನ ತೋರಣ ಒಣಗಿ ನೇತಾಡುತ್ತಿತ್ತು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಈ ತೋರಣ ಚೂರು ಸರಿಸ್ಲಾ ಸಾರ್?" ಎಂದರು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಲತಾಳ ಕಡೆ ತಿರುಗಿ, "ಇಲ್ಲಾಂದ್ರೆ ನೀವೇ ಸರಿಸಿ ಅಕ್ಕ, ನಾನ್ ನೋಡ್ತೀನಿ ಅಷ್ಟೇ" ಎಂದರು.

ಲತಾ ಮುಂದೆ ಬಂದಳು. ನಾನು ತಡೆದೆ.

"ಮುಟ್ಬೇಡ. ಮಧ್ಯದಲ್ಲಿ ಜಾಯಿಂಟ್ ಹಾಕಿ ಮುಚ್ಚಿರೋನು ನೀನು, ಈಗ ನಮ್ಮ ತೋರಣದ ಮೇಲೆ ಹೇಳ್ತೀಯಾ?"

ದೇವರ ಕೋಣೆಗೆ ಕಾಲಿಡದವನು ನಾನು. ತೋರಣ ಕಟ್ಟುವುದನ್ನು ಪ್ರತಿ ವರ್ಷ ಗೇಲಿ ಮಾಡುವವನು. ಆವತ್ತು ಒಬ್ಬ ಸಾಬರ ಕೈಗೆ ಅದು ಸಿಗಬಾರದು ಎಂಬಂತೆ ಅಡ್ಡ ನಿಂತೆ. ಅದಕ್ಕೂ ಮುಂಚೆ ಅವರನ್ನು ನಾನು ನೀವು ಎಂದೇ ಮಾತಾಡಿಸುತ್ತಿದ್ದದ್ದು. "ಮುಟ್ಬೇಡಿ" ಎಂದೆ ಎಂದು ವರ್ಷಗಟ್ಟಲೆ ನನ್ನ ನೆನಪು ಹೇಳಿತು. ಆದರೆ ಲತಾ ಬೇರೆಯೇ ಹೇಳುತ್ತಾಳೆ. "ಡಿ ಅನ್ನಲಿಲ್ಲ ಕಣ್ರೀ ನೀವು, ಡ ಅಂದ್ರಿ. ಆವಯ್ಯನ ಮುಖ ನೋಡ್ದೆ ನಾನು." ಒಂದು ಗುಡಿಸು. ಅಷ್ಟು ಬಿಟ್ಟುಹೋದರೆ ಮನುಷ್ಯ ಎಲ್ಲಿಂದ ಎಲ್ಲಿಗೆ ಇಳಿದುಬಿಡುತ್ತಾನೆ— ಅವರಲ್ಲ, ನಾನು.

ಇಮ್ತಿಯಾಜ್ ಜೋರು ಮಾಡಲಿಲ್ಲ. "ಜಾಯಿಂಟ್ ಹಾಕೋದಿದ್ರೆ ನಿಮ್ ಮುಂದೆನೇ ಹಾಕ್ತಿದ್ದೆ, ಬುಡಿ" ಎಂದು ಚೀಲ ಎತ್ತಿಕೊಂಡು ಹೊರಟರು. ಆಚೆ ಕಾಂಪೌಂಡಿಗೆ ಒರಗಿ ನಿಂತಿದ್ದ ನಾಗರಾಜಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಏನ್ ಮೇಷ್ಟ್ರೇ, ಜಾಯಿಂಟ್ ಮಡಗ್ಬುಟ್ಟವ್ರಾ ಸಾಬ್ರು?" ಎಂದ. ನಾನು ಹೌದೆಂದು ತಲೆಯಾಡಿಸಿದೆ. ಸಂಜೆ ಮಾದಪ್ಪನವರಿಗೆ ಫೋನ್ ಮಾಡಿ, ಅದನ್ನೇ ಇಂಗ್ಲಿಷ್ ಪದಗಳನ್ನು ಸೇರಿಸಿ, ಗಟ್ಟಿಯಾಗಿ ಹೇಳಿದೆ. ಓದಿದವರು ಹೇಳಿದ್ದಾರೆಂದು ಅವರು ನಂಬಿದರು. ವೈಫೈಯಲ್ಲಿ ಬಂದ ಅಂಕಿಯನ್ನು ಯಾರಿಗೂ ಹೇಳಲಿಲ್ಲ.

ಊರಲ್ಲಿ ಹೆಸರು ಹತ್ತಿತು— ಜಾಯಿಂಟ್ ಸಾಬ್ರು. ಕಂಬ ಹತ್ತಿದ್ದರೆ ಕೆಳಗಿನಿಂದ, "ಜಾಯಿಂಟ್ ಬ್ಯಾಡ ಕಣಣ್ಣೋ" ಎಂದು ಕೂಗುವವರಿದ್ದರು. ಕೆಲವು ಮನೆಯವರು ಬೇರೆಯವರನ್ನು ಕಳಿಸಿ ಎಂದರು. ಮಾದಪ್ಪ ಮೊದಲು ಇಮ್ತಿಯಾಜರನ್ನು ಮನೆಗಳ ಲೈನ್ ಕೆಲಸದಿಂದ ತೆಗೆದರು, ಆಮೇಲೆ ಅವರೇ ಆಫೀಸು ಬಿಟ್ಟರು. ಪಿರಿಯಾಪಟ್ಟಣದ ಕಡೆ, ಕಂಪಲಾಪುರದಲ್ಲಿ, ಬೋರ್‌ವೆಲ್ ಮೋಟರ್ ರಿಪೇರಿ ಮಾಡುವ ಅಂಗಡಿಯಲ್ಲಿದ್ದಾರೆ ಎಂದು ಕೇಳಿದೆ.

ಅದೇ ವರ್ಷ ಗೌರಿ ಹಬ್ಬದ ಹಿಂದಿನ ದಿನ ಹಳೆಯ ತೋರಣ ತೆಗೆಯಲು ಸ್ಟೂಲು ಹತ್ತಿದೆ. ಎಲೆ ಉದುರಿದ ಮೇಲೆ ಮೊಳೆ ಕಂಡಿತು. ಅದು ಗೋಡೆಯಲ್ಲಿರಲಿಲ್ಲ, ಬಿಳಿ ಪಟ್ಟಿಯ ನಟ್ಟನಡುವೆ ಇತ್ತು. ಪಟ್ಟಿ ಬಿಚ್ಚಿದೆ. ವೈರು ಜಾಯಿಂಟ್ ಇಲ್ಲದೆ ಅಖಂಡವಾಗಿತ್ತು. ಮೊಳೆ ಅದನ್ನು ತೂರಿ ಹೋಗಿತ್ತು, ಒಳಗೆ ಕಂದು ಬಣ್ಣದ ಎಳೆ ತುಂಡಾಗಿತ್ತು.

ಯಾರು ಹೊಡೆದ ಮೊಳೆ? ಸುತ್ತಿಗೆ ಲತಾಳ ಕೈಯಲ್ಲಿತ್ತು ಎಂದು ಆಗ ನೆನಪು ಮಾಡಿಕೊಂಡೆ. ಬಹುಕಾಲ ಹಾಗೇ ನೆನಪಿಟ್ಟುಕೊಂಡೆ. ಆದರೆ ಲತಾಳಿಗೆ ಸ್ಟೂಲು ಹತ್ತಿದರೂ ಆ ಎತ್ತರ ಎಟುಕುವುದಿಲ್ಲ. ಯುಗಾದಿಯಂದು ಅವಳು ಸ್ಟೂಲು ಹಿಡಿದುಕೊಂಡಿದ್ದಳು. ನಾನು ಗೊಣಗುತ್ತ ಮೇಲಿದ್ದೆ. ಸಿಮೆಂಟಿನ ಗೋಡೆಗೆ ಎರಡು ಮೊಳೆ ಬಗ್ಗಿದವು, ಮೂರನೆಯದು ಸಲೀಸಾಗಿ ಇಳಿಯಿತು. ಎಲ್ಲವನ್ನೂ ಅನುಮಾನಿಸುವ ನಾನು ಆ ಸಲೀಸನ್ನು ಮಾತ್ರ ಅನುಮಾನಿಸಲಿಲ್ಲ.

ಹಾಗಾದರೆ— ಇಮ್ತಿಯಾಜರ ಬೆರಳು ಅಲ್ಲಿ ನಿಂತಾಗ, ನನಗೆ ಗೊತ್ತಿತ್ತೆ? ಆ ಕ್ಷಣ ಕೈಗೆ ಸುತ್ತಿಗೆಯ ನೆನಪು ಬಂದದ್ದರಿಂದಲೇ ನಾನು "ಮುಟ್ಬೇಡ" ಎಂದೆನೆ? ಈ ಪ್ರಶ್ನೆಯನ್ನು ಎಷ್ಟು ಸಲ ತಿರುವಿ ಹಾಕಿದರೂ... ಗೊತ್ತಿರಲಿಲ್ಲ ಎಂದು ಆಣೆ ಮಾಡಲು ನನ್ನಿಂದಾಗುತ್ತಿಲ್ಲ.

ಅಂಗಡಿಯಿಂದ ಹೊಸ ವೈರು ತಂದು ನಾನೇ ಹಾಕಿದೆ. ಮುನ್ನೂರು ಬಂತು. ಲತಾ ಅಡುಗೆಮನೆಯಿಂದಲೇ, "ಸರಿ ಹೋಯ್ತಾ? ಏನಾಗಿತ್ತಂತೆ?" ಎಂದಳು. ಅನುಮಾನಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಸತ್ಯ ನನ್ನ ಕೈಯಲ್ಲೇ ಇತ್ತು.

"ಜಾಯಿಂಟೇ" ಎಂದೆ.

ಮೊದಲಿನದನ್ನು ತಪ್ಪು ತಿಳಿವಳಿಕೆ ಎಂದು ಕರೆಯಬಹುದೇನೋ. ಇದು ಸುಳ್ಳು. ಲತಾ ಅದನ್ನು ನಾಗರಾಜಣ್ಣನ ಮನೆಯಲ್ಲಿ ಹೇಳಿದಳು, ಅವರು ಊರಿಗೆ ಹೇಳಿದರು.

ಕಳೆದ ತಿಂಗಳು ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಇಮ್ತಿಯಾಜ್ ಎದುರಾದರು. ಗಡ್ಡ ನರೆತಿದೆ. ಅವರೇ ಮಾತಾಡಿಸಿದರು. "ಚೆನ್ನಾಗಿದ್ದೀರಾ ಸಾರ್? ಆವತ್ತು ಮಧ್ಯದಲ್ಲಿ ಏಟು ಬಿದ್ದಿತ್ತಲ್ಲ, ಸಿಕ್ತಾ?"

ಅದು ಕುಟುಕು ಮಾತೆ? ಅಥವಾ ಕೆಲಸ ಅರ್ಧಕ್ಕೆ ಬಿಟ್ಟುಬಂದ ಕಸಬುದಾರನ ಕುತೂಹಲವೆ? ನಾನು ಅದನ್ನೂ ಅನುಮಾನದಿಂದಲೇ ನೋಡಿದೆ. "ಇಲ್ಲ, ಹಂಗೇ ಬಿಟ್ವಿ" ಎಂದೆ. "ಅಯ್ಯೋ, ನೂರರಲ್ಲೇ ಓಡಿಸ್ತಾ ಇದ್ದೀರಾ?" ಎಂದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ಬಸ್ಸು ಬಂತು, ಹತ್ತಿಬಿಟ್ಟೆ.

ನಿನ್ನೆ ಇಷ್ಟನ್ನೂ ಬರೆದು ಲತಾಳಿಗೆ ಓದಿ ಹೇಳಿದೆ. ಭಾನುವಾರ ಹೋಗಿ ಇಮ್ತಿಯಾಜರಿಗೆ ನಿಜ ಹೇಳಿ ಬರುತ್ತೇನೆ ಎಂದೆ.

"ನನ್ ಬಾಯಲ್ಲೂ ಆಡಿಸಿದ್ರಲ್ರೀ ಆ ಮಾತ" ಎಂದಳು. ಆಮೇಲೆ, "ಭಾನುವಾರ ಕಂಪಲಾಪುರಕ್ಕೆ ನಾನೂ ಬತ್ತೀನಿ. ಆದ್ರೆ ಅಲ್ಲಿ ಹೋಗಿ ಅವ್ರೊಬ್ರ ಕಿವೀಲಿ ಹೇಳ್ಬುಟ್ಟು ಬಂದ್ರೆ ಆಗಲ್ಲ. ಹೆಸರು ಕೆಟ್ಟಿರೋದು ಇಲ್ಲಿ" ಎಂದಳು.

ನಾನು ಫೋನ್ ತೆಗೆದು ಮಾದಪ್ಪನವರ ನಂಬರು ಹುಡುಕಿದೆ. ಲತಾ ಎದ್ದು ಜಗಲಿಗೆ ಹೋಗಿ, ಕಾಂಪೌಂಡಿನಾಚೆ ನಾಗರಾಜಣ್ಣನನ್ನು ಕೂಗಿ ಕರೆದಳು. "ಬಂದೆ ಇರಕ್ಕ" ಎಂದು ಅವನ ದನಿ ಕೇಳಿಸಿತು. ನಾನು ಹೊರಗೆ ಬಂದು ನಿಂತೆ.