ಕಮಲ ತನ್ನ ರಕ್ತ ಕೊಟ್ಟ ದಿನ

ಚಾಮರಾಜಪುರಂನ ಆ ಲ್ಯಾಬಿಗೆ ಬರುವವರೆಲ್ಲ ಕಮಲಳ ಕೈಗುಣವನ್ನು ಹೊಗಳುತ್ತಿದ್ದರು. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಇಪ್ಪತ್ತೆರಡನೇ ವಯಸ್ಸಿಗೆ ಅಲ್ಲಿ ಕೆಲಸಕ್ಕೆ ಸೇರಿದವಳು, 2004ರಲ್ಲಿ ನಲವತ್ತೊಂದು ತುಂಬಿದಾಗಲೂ ಅಲ್ಲೇ ಇದ್ದಳು. ಮದುವೆಯಾಗಿರಲಿಲ್ಲ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಗದ್ದದ ಕೂದಲನ್ನು ಚಿಮಟದಿಂದ ಕಿತ್ತು, ಕೃಷ್ಣಮೂರ್ತಿಪುರಂನ ಮನೆಯಿಂದ ನಡೆದೇ ಬರುತ್ತಿದ್ದಳು.

ಆ ವರ್ಷ ಜುಲೈನಲ್ಲಿ ರಾಮಕೃಷ್ಣನಗರದ ಮಂಜುಳಮ್ಮ ಮಗಳು ಲಾಸ್ಯಳನ್ನು ಕರೆದುಕೊಂಡು ಬಂದರು. ಹುಡುಗಿಗೆ ಹತ್ತೊಂಬತ್ತು. ಮುಟ್ಟು ನಾಲ್ಕೈದು ತಿಂಗಳಿಗೊಮ್ಮೆ ಆಗುತ್ತಿತ್ತು, ಮುಖದ ತುಂಬ ಮೊಡವೆ. ಲೇಡಿ ಡಾಕ್ಟರು ಹಾರ್ಮೋನು ಪರೀಕ್ಷೆಗಳನ್ನು ಬರೆದುಕೊಟ್ಟಿದ್ದರು. ಅಂಥ ರಕ್ತವನ್ನು ಇಲ್ಲಿ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿಗೆ ಕಳಿಸಬೇಕಿತ್ತು.

ಕಮಲ ಹುಡುಗಿಯ ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತ ಕೇಳಿದಳು, "ಮುಟ್ಟಾಗಿ ಎಷ್ಟನೇ ದಿನ?"

"ಎರಡನೇದು," ಎಂದರು ತಾಯಿ.

"ಯಾವುದಾದ್ರೂ ಮಾತ್ರೆ ತೊಗೋತಿದ್ದಾಳಾ?"

"ಏನೂ ಇಲ್ಲ ಕಣ್ರೀ."

ಹುಡುಗಿ ತಲೆ ತಗ್ಗಿಸಿದಳು. ಅದು ಕಮಲಳ ಕಣ್ಣಿಗೆ ಬಿತ್ತು. ಹೆಸರು ಬರೆಸಿ ಬನ್ನಿ ಎಂದು ತಾಯಿಯನ್ನು ಹೊರಗೆ ಕಳಿಸಿ, ಮತ್ತೊಮ್ಮೆ ಕೇಳಿದಳು. ಲಾಸ್ಯ ಬ್ಯಾಗಿನಿಂದ ಮಾತ್ರೆಯ ಹಾಳೆಯೊಂದನ್ನು ತೆಗೆದು ತೋರಿಸಿದಳು. ಗರ್ಭನಿರೋಧಕ ಮಾತ್ರೆ. "ತಿಂಗಳು ತಿಂಗಳೂ ಸರಿಯಾಗಿ ಆಗ್ಲಿ ಅಂತ ಅಮ್ಮ ಎರಡು ತಿಂಗಳಿಂದ ಮೆಡಿಕಲ್ ಸ್ಟೋರಿಂದ ತಂದ್ಕೊಡ್ತಿದ್ದಾರೆ. ಡಾಕ್ಟರ್‌ಗೆ ಹೇಳ್ಬೇಡ ಅಂದಿದ್ದಾರೆ."

ಕಮಲ ಪಟ್ಟಿ ಬಿಚ್ಚಿದಳು.

ಇವತ್ತು ರಕ್ತ ತೆಗೆಯುವುದಿಲ್ಲ ಎಂದಾಗ ಒಳಗೆ ಬಂದ ಮಂಜುಳಮ್ಮನಿಗೆ ಸಿಟ್ಟೇ ಬಂತು. "ಗಂಡಿನ ಕಡೆಯೋರು ನೋಡೋಕೆ ಬರೋರಿದ್ದಾರೆ. ರಿಪೋರ್ಟು ಸರಿಯಾಗಿ ಬಂದ್ಬುಟ್ರೆ ಸಾಕು ನಂಗೆ."

"ಸರಿಯಾಗೇ ಬರಬಹುದು, ತೊಂದ್ರೆ ಇರೋದೇ ಅಲ್ಲಿ. ಮಾತ್ರೆ ಹಾರ್ಮೋನನ್ನ ತಗ್ಗಿಸಿ ಇಟ್ಟಿರುತ್ತೆ. ಕಾಗದದಲ್ಲಿ ಸರಿಯಿದ್ದು ಮೈಯಲ್ಲಿ ಸರಿಯಿಲ್ಲದಿದ್ರೆ ಯಾರಿಗೇನು ಲಾಭ, ಹೇಳಿ?"

ಕಮಲ ಆಗಲೇ ಡಾಕ್ಟರಿಗೆ ಫೋನ್ ಮಾಡಿದಳು. ಮಾತ್ರೆ ನಿಲ್ಲಿಸಿ ಮೂರು ತಿಂಗಳು ಬಿಟ್ಟು ರಕ್ತ ತೆಗೆಯಿರಿ ಎಂದರು ಅವರು. ಮಂಜುಳಮ್ಮ ಮುಖ ಬಿಗಿದುಕೊಂಡೇ ಹೊರಟರು. ಇವರಿನ್ನು ಬರುವುದಿಲ್ಲ ಎಂದುಕೊಂಡಳು ಕಮಲ.

ನವೆಂಬರಿನಲ್ಲಿ ಬಂದರು. ಈ ಸಲ ರಕ್ತ ತೆಗೆದು ಕಳಿಸಿದಾಗ ಥೈರಾಯಿಡ್ ಸರಿಯಿತ್ತು, ಪ್ರೊಲ್ಯಾಕ್ಟಿನ್ ಸರಿಯಿತ್ತು, ಗಂಡಸರಲ್ಲಿ ಜಾಸ್ತಿಯಿರುವ ಟೆಸ್ಟೋಸ್ಟೆರಾನ್ ಮಾತ್ರ ಏರಿತ್ತು. ಅದೊಂದನ್ನೇ ನೋಡಿ ಡಾಕ್ಟರು ತೀರ್ಮಾನ ಮಾಡಲಿಲ್ಲ. ಮುಟ್ಟಿನ ಏರುಪೇರು, ಸ್ಕ್ಯಾನು ಎಲ್ಲವನ್ನೂ ಸೇರಿಸಿ ನೋಡಿ ಪಿಸಿಒಎಸ್ ಎಂದರು, ಮುಟ್ಟು ತಪ್ಪಿಸಿ ಮುಖದ ಮೇಲೆ ಮೊಡವೆ, ಕೂದಲು ಬರಿಸುವ ಹಾರ್ಮೋನಿನ ಕಾಯಿಲೆ. ಚಿಕಿತ್ಸೆ ಶುರುವಾಯಿತು. ಗಂಡಿನ ಕಡೆಯವರಿಗೆ ಮಂಜುಳಮ್ಮನೇ ಹೇಳಿಕಳಿಸಿದರು, ಹುಡುಗಿ ಡಿಗ್ರಿ ಮುಗಿಸಲಿ ಎಂದು.

ರಿಪೋರ್ಟಿನ ಪ್ರತಿ ಒಯ್ಯಲು ಬಂದ ದಿನ ಲಾಸ್ಯ ಕಮಲಳ ಗದ್ದವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು, "ಮೇಡಂ, ನಿಮಗೂ ಇದೆಯಾ?"

"ಗೊತ್ತಿಲ್ಲ ಕಣಮ್ಮ. ನೋಡ್ಕೊಂಡೇ ಇಲ್ಲ."

ಅಷ್ಟು ನೇರವಾಗಿ ಅವಳನ್ನು ಯಾರೂ ಕೇಳಿರಲಿಲ್ಲ. ಇಪ್ಪತ್ತಮೂರನೇ ವಯಸ್ಸಿನಲ್ಲಿ ನೋಡಲು ಬಂದ ಹುಡುಗನ ತಾಯಿ ಇದೇ ಗದ್ದವನ್ನು ದಿಟ್ಟಿಸಿ, ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದಿದ್ದರು. ಆಗ ಹೋಗಿ ತೋರಿಸಿಕೊಂಡಾಗ ಡಾಕ್ಟರು, ತೂಕ ಇಳಿಸು, ಮದುವೆಯಾದರೆ ತಾನಾಗಿ ಸರಿಹೋಗುತ್ತದೆ ಎಂದು ಕಳಿಸಿದ್ದರು. ಆಮೇಲೆ ಇನ್ನೊಬ್ಬ ಹುಡುಗನ ಎದುರು ಕೂರಲು ಅವಳೇ ಒಪ್ಪಲಿಲ್ಲ.

ಮುಂದಿನ ವಾರ ಅವಳು ಅದೇ ಲೇಡಿ ಡಾಕ್ಟರ ಎದುರು ಕೂತಿದ್ದಳು. ಎಲ್ಲ ಕೇಳಿಸಿಕೊಂಡು ಅವರು ಅಂದರು, "ಹಾರ್ಮೋನೂ ನೋಡೋಣ. ಶುಗರ್ ಯಾವಾಗ ನೋಡ್ಕೊಂಡಿದ್ರಿ?" ಕಮಲಳಿಗೆ ನಗು ಬಂತು. ದಿನಕ್ಕೆ ಮೂವತ್ತು ಜನರ ಸಕ್ಕರೆ ನೋಡುವವಳು ತನ್ನದನ್ನು ಒಮ್ಮೆಯೂ ನೋಡಿರಲಿಲ್ಲ.

ಲ್ಯಾಬಿನ ಸುಂದರೇಶ ಎರಡು ಸಲ ಚುಚ್ಚಿ ರಕ್ತ ತೆಗೆದ. ಟೆಸ್ಟೋಸ್ಟೆರಾನ್ ಈ ವಯಸ್ಸಿನಲ್ಲೂ ತುಸು ಹೆಚ್ಚಿತ್ತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿತ್ತು. ನಿಮ್ಮದೂ ಪಿಸಿಒಎಸ್ಸೇ, ಅದರ ಜೊತೆ ಸಕ್ಕರೆಯೂ ಬರುವುದುಂಟು, ಸಮಯಕ್ಕೆ ಸಿಕ್ಕಿದೆ ಎಂದರು ಡಾಕ್ಟರು.

ಸಂಜೆ ಮನೆಗೆ ಬಂದು, ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಪಕ್ಕ ಕೂತಳು.

"ನಂಗಿದ್ದದ್ದು ಕಾಯಿಲೆ ಕಣಮ್ಮ. ನನ್ನ ತಪ್ಪಲ್ಲ."

ಅಮ್ಮ ತಲೆಯೆತ್ತಿದರು. "ತಪ್ಪು ಅಂತ ನಾನ್ಯಾವತ್ತು ಅಂದೆ?"

"ನೀನನ್ನಲಿಲ್ಲ. ನಾನೇ ಅಂದ್ಕೊಂಡಿದ್ದೆ."

ಅಮ್ಮ ಮೊರವನ್ನು ಇಬ್ಬರ ನಡುವೆ ಸರಿಸಿದರು. ಕಮಲ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದಳು.