ಏರು ಹತ್ತದ ಕಾರು ಮತ್ತು ನನ್ನ ಮಾವ

ಮೊನ್ನೆ ಹಿತ್ತಲಿನ ಹುಲ್ಲು ಕತ್ತರಿಸುವ ಯಂತ್ರವನ್ನು ಬಹಳ ತಿಂಗಳ ಮೇಲೆ ಹೊರಗೆ ತೆಗೆದೆ. ಮುಚ್ಚಳ ತಿರುವಿದ ಕೂಡಲೇ ಒಂದು ವಾಸನೆ ಮೂಗಿಗೆ ಬಡಿಯಿತು. ಹೊಸ ಪೆಟ್ರೋಲಿನ ಘಾಟಲ್ಲ, ತಳದಲ್ಲಿ ಉಳಿದು ಹಳಸಿದ ಪೆಟ್ರೋಲಿನದು. ಹಳೆಯ ವಾರ್ನಿಷಿನ ಹಾಗೆ, ಅದಕ್ಕೊಂದಿಷ್ಟು ಹುಳಿ ಸೇರಿದ ಹಾಗೆ. ಆ ವಾಸನೆಯ ಪರಿಚಯ ನನಗಿತ್ತು. ಕೆಲಸ ಬಿಟ್ಟು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಮಾವ ನೆನಪಾದರು...

ಮಾವ ಎಂದರೆ ನನ್ನ ಗಂಡನ ತಂದೆ. ಪಿರಿಯಾಪಟ್ಟಣದಿಂದ ಸ್ವಲ್ಪ ಒಳಗಿನ ಹಳ್ಳಿ ನಮ್ಮದು. ಪ್ರಾಯದಲ್ಲಿ ಅವರು ಹೊಗೆಸೊಪ್ಪಿನ ಬೇಲು ತುಂಬಿದ ಲಾರಿ ಓಡಿಸುತ್ತಿದ್ದರಂತೆ. ಆಮೇಲೆ ಸ್ಟೀರಿಂಗ್ ಬಿಟ್ಟು ಹೊಲ ಹಿಡಿದರು. ಮಾತು ಬಹಳ ಕಡಿಮೆ. ಹೊಸ ಅಗ್ರಹಾರದ ಕಡೆಯ ಹುಡುಗಿ ನಾನು. ಆ ಮನೆಗೆ ಸೊಸೆಯಾಗಿ ಬಂದ ಮೊದಮೊದಲ ವರ್ಷಗಳಲ್ಲಿ "ಉಂಡ್ಯೇನವ್ವ?" ಎನ್ನುವುದನ್ನು ಬಿಟ್ಟರೆ ಅವರು ನನ್ನೊಂದಿಗೆ ಬೇರೇನಾದರೂ ಆಡಿದ್ದರೋ ಇಲ್ಲವೋ, ನೆನಪಾಗುವುದಿಲ್ಲ.

ಕಾರು ನನ್ನ ಗಂಡನದು. ಯಾರೋ ಓಡಿಸಿ ಬಿಟ್ಟಿದ್ದ ಹಳೆಯ ಪೆಟ್ರೋಲ್ ಕಾರನ್ನು ಆಸೆಪಟ್ಟು ಕೊಂಡಿದ್ದರು. ಸಂತೆ ಇಲ್ಲದ ದಿನ ಸಂತೆಮಾಳಕ್ಕೆ ಕರೆದುಕೊಂಡು ಹೋಗಿ ನನಗೂ ಓಡಿಸುವುದನ್ನು ಕಲಿಸಿದ್ದರು. ಮಗಳಿಗೆ ಇನ್ನೂ ಮಾತು ಕೂಡಿಬರದ ಹೊತ್ತಿನಲ್ಲಿ ಅವರಿಗೆ ಕಾಮಾಲೆಯಾಯಿತು. ನಾಟಿ ಮದ್ದು, ಮೈಸೂರಿನ ಆಸ್ಪತ್ರೆ ಎಲ್ಲ ಆಯಿತು. ಉಳಿಯಲಿಲ್ಲ.

ತಿಥಿ ಮುಗಿದ ಮೇಲೆ ಮಾವ ಕಾರನ್ನು ತಳ್ಳಿಸಿ, ಹೊಗೆಸೊಪ್ಪು ಒಣಗಿಸುವ ನಮ್ಮ ಹಳೆಯ ಬ್ಯಾರನ್ನಿನ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿ, ಮೇಲೆ ಟಾರ್ಪಾಲು ಹೊದಿಸಿದರು. ಕೀಲಿ ಅವರ ಪೆಟ್ಟಿಗೆ ಸೇರಿತು. ಯಾರೂ ಕೇಳಲಿಲ್ಲ.

ಹೆಚ್ಚುಕಡಿಮೆ ವರ್ಷ ಕಳೆಯುವಾಗ ನನಗೆ ಸ್ಕೂಲಿನಲ್ಲಿ ಕೆಲಸವಾಯಿತು. ಊರು ಹೆಗ್ಗಡದೇವನಕೋಟೆಯಿಂದ ಆಚೆ, ಕಾಡಂಚಿನದು. ಕೋಟೆಯ ತನಕ ಹೇಗೋ ಬಸ್ಸಿನಲ್ಲಿ ಹೋಗಬಹುದು, ಅಲ್ಲಿಂದ ಮುಂದಕ್ಕೆ ಸಮಯಕ್ಕೆ ಸರಿಯಾಗಿ ಬಸ್ಸಿಲ್ಲ. ಕೋಟೆಯಲ್ಲೇ ರೂಮು ಮಾಡಿದರೆ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ವಾರಕ್ಕೊಮ್ಮೆ ಬಂದು ನೋಡಬೇಕು. ಅಪ್ಪನಿಲ್ಲದ ಕೂಸು. ನನ್ನಿಂದಾಗದು ಅನ್ನಿಸಿತು. ಒಂದು ಬೆಳಿಗ್ಗೆ ಧೈರ್ಯ ಮಾಡಿ ಮಾವನ ಮುಂದೆ ನಿಂತು ಕಾರಿನ ಕೀಲಿ ಕೇಳಿದೆ.

ಅವರು ನನ್ನ ಮುಖ ನೋಡಲಿಲ್ಲ. ಒಳಗೆ ಹೋಗಿ ಕೀಲಿ ತಂದು ಕಿಟಕಿಯ ಮೇಲಿಟ್ಟು ಹೊಲದ ಕಡೆಗೆ ನಡೆದರು.

ಹುಣಸೂರಿನಿಂದ ಮೆಕ್ಯಾನಿಕ್ ಬಂದು ಬ್ಯಾಟರಿ ಬದಲಿಸಿ ಸ್ಟಾರ್ಟ್ ಮಾಡಿಕೊಟ್ಟ. ಕೆಲವು ದಿನ ಚೆನ್ನಾಗಿಯೇ ಓಡಿತು. ಆಮೇಲೆ ಶುರುವಾಯಿತು ಅದರ ರಗಳೆ. ನಿಧಾನಕ್ಕೆ ಹೋದರೆ ಏನೂ ಇಲ್ಲ. ಮುಂದಿನ ಕಬ್ಬಿನ ಟ್ರ್ಯಾಕ್ಟರನ್ನು ದಾಟಲೆಂದು ಆಕ್ಸಿಲರೇಟರ್ ತುಳಿದರೆ ಸಾಕು, ಕಾರು ಮುಗ್ಗರಿಸಿದಂತಾಗಿ ಉಸಿರು ಬಿಟ್ಟುಬಿಡುತ್ತಿತ್ತು. ತುಳಿದಷ್ಟೂ ಸೋಲುತ್ತಿತ್ತು. ಏರು ಬಂದರಂತೂ ನಡೆದುಕೊಂಡು ಹೋಗುವವರೇ ನನಗಿಂತ ಮುಂದೆ. ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ, ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿದ. ಪ್ರತಿ ಸಲವೂ ಒಂದು ವಾರ ನೆಮ್ಮದಿ, ಮತ್ತೆ ಅದೇ ಕತೆ.

ಒಂದು ದಿನ ಲಾರಿಯೊಂದನ್ನು ದಾಟಲು ಬಲಕ್ಕೆ ಹೋಗಿದ್ದೇನೆ, ಎದುರಿಗೆ ಬಸ್ಸು, ಕಾರು ಎಳೆಯುತ್ತಿಲ್ಲ. ಲಾರಿಯವನು ಬ್ರೇಕ್ ಹಾಕಿ ಜಾಗ ಬಿಟ್ಟದ್ದರಿಂದ ಬದುಕಿದೆ. ಸಂಜೆ ಮನೆಗೆ ಬಂದು ಮಗಳನ್ನು ಎತ್ತಿಕೊಂಡೇ ನಡೆದದ್ದನ್ನೆಲ್ಲ ಹೇಳಿದೆ. ಪಕ್ಕದ ಮನೆಯಲ್ಲೇ ಇದ್ದ ಭಾವ, ಅಂದರೆ ನನ್ನ ಗಂಡನ ಅಣ್ಣ, ಜಗಲಿಯ ಮೇಲೆ ಕೂತು ತಂದೆಗೆ ಹೇಳಿದರು: "ಅಪ್ಪಾ, ಆ ಗಾಡಿ ಮಾರ್ಬುಡವ. ಅವಳು ಕೋಟೇಲೇ ಇರ್ಲಿ. ಇನ್ನೊಂದ್ ಸಾವು ನೋಡಕ್ಕಾಯ್ತದಾ?"

ಭಾವನ ಮಾತಿನಲ್ಲಿ ಕೇಡಿರಲಿಲ್ಲ, ಹೆದರಿಕೆಯಿತ್ತು. ಮಾವನಿಗೂ ಅದೇ ಬೇಕಾಗಿದೆ ಎಂದುಕೊಂಡೆ. ಏಕೆಂದರೆ ನಾನು ಕಾರು ಓಡಿಸಲು ತೊಡಗಿದಂದಿನಿಂದ, ಸಂಜೆ ಕಾರು ಮನೆಯ ಹತ್ತಿರ ಬರುತ್ತಿದ್ದಂತೆ ಅವರು ಜಗಲಿಯಿಂದೆದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಗಂಡ ಸತ್ತವಳು ಅವನ ಕಾರು ಓಡಿಸಿಕೊಂಡು ತಿರುಗುವುದು ಅವರಿಗೆ ಹಿಡಿಸಿಲ್ಲ ಎಂದೇ ನಾನು ತಿಳಿದಿದ್ದೆ.

ಆ ಭಾನುವಾರ ಬೆಳಿಗ್ಗೆ ಹೊರಗೆ ಬಂದು ನೋಡಿದರೆ ಮಾವ ಒಗೆದ ಅಂಗಿ ತೊಟ್ಟು, ಹೆಗಲಿಗೆ ಟವೆಲ್ಲು ಹಾಕಿ, ಕಾರಿನ ಎಡಗಡೆ ಸೀಟಿನಲ್ಲಿ ಕೂತಿದ್ದರು.

"ನಡಿ ಮಗ, ಏನಾಯ್ತದೆ ನೋಡ್ಕ ಬರವ."

ಹುಣಸೂರಿನ ದಾರಿ ಹಿಡಿದೆವು. "ತುಳಿ" ಎಂದರು, ತುಳಿದೆ. "ಬುಡು" ಎಂದರು, ಬಿಟ್ಟೆ. "ಗೇರು ಇಳ್ಸು, ಈಗ ತುಳಿ." ಕಾರು ಎಂದಿನಂತೆ ಮುಗ್ಗರಿಸಿತು. ಗಾಡಿ ನಿಲ್ಲಿಸಲು ಹೇಳಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಕೈಯಲ್ಲೇ ಹಿಡಿದುಕೊಂಡು ಬಂದರು. ಟ್ಯಾಂಕಿಗೆ ಗಾಳಿ ಹೋಗದಿದ್ದರೆ ಪೆಟ್ರೋಲು ಬರುವುದಿಲ್ಲವಂತೆ, ಲಾರಿಯಲ್ಲಿ ಹಾಗೊಮ್ಮೆ ಆಗಿತ್ತಂತೆ. ಮುಚ್ಚಳವಿಲ್ಲದೆ ಓಡಿಸಿದರೂ ಅದೇ ಗೋಳು. ಮಾವನ ಮುಖ ಸಪ್ಪಗಾಯಿತು. "ಅದಲ್ಲ ಬುಡು" ಎಂದರು. ಮನೆ ತಲುಪುವವರೆಗೂ ಮುಚ್ಚಳವನ್ನು ಹಾಕಲು ಮರೆತೇ ಕೂತಿದ್ದರು.

ಆದರೆ ವಾರವಿಡೀ ಯೋಚಿಸಿದ್ದರೆಂದು ಕಾಣುತ್ತದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಕೇಳಿದರು, "ಸೋತ್ ಮ್ಯಾಲೆ ನಿಲ್ಸಿ, ಸೊಲ್ಪೊತ್ತು ಬುಟ್ಟು ಎತ್ತುದ್ರೆ ಎಂಗ್ ಓಡ್ತದೆ?" ಚೆನ್ನಾಗಿ ಓಡುತ್ತದೆ ಮಾವ, ಒಂದಷ್ಟು ದೂರ, ಎಂದೆ. "ಊಂ" ಎಂದು ಮುದ್ದೆ ಮುರಿದರು.

ಮುಂದಿನ ಭಾನುವಾರ ಹುಣಸೂರು ದಾಟಿ ಕೋಟೆಯ ರಸ್ತೆಯ ಏರಿಗೆ ಹೋದೆವು. ಅರ್ಧ ಏರಿಗೆ ಕಾರು ಸೋತಿತು. ಮಾವ ಕೂಡಲೇ ಇಳಿದು ಬಾನೆಟ್ ಎತ್ತಿ, ಕಾರ್ಬುರೇಟರಿಗೆ ಪೆಟ್ರೋಲು ತರುವ ಪೈಪು ಕಳಚಿ, ಅದರ ಬಾಯನ್ನು ಒಂದು ಬಾಟಲಿಗೆ ಹಿಡಿದರು. "ಸೆಲ್ಫ್ ಹೊಡಿ" ಎಂದರು. ಹೊಡೆದೆ.

"ಕೂಸು ಉಚ್ಚೆ ಉಯ್ದಂಗ್ ಬತ್ತಾ ಅದೆ!"

ಇಳಿದು ನೋಡಿದೆ, ದಾರದಷ್ಟು ಪೆಟ್ರೋಲು ಬಂದಿತ್ತು. ಮರದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಆಮೇಲೆ ಮತ್ತೆ ಸೆಲ್ಫ್ ಹೊಡೆದರೆ ಪೆಟ್ರೋಲು ಚಿಮ್ಮಿ ಅವರ ಅಂಗಿಯ ತೋಳು ನೆನೆಸಿತು. ಮಾವ ತೋಳು ಒರೆಸಿಕೊಳ್ಳದೆ ನನ್ನನ್ನೇ ನೋಡಿದರು. "ಟ್ಯಾಂಕೊಳಗೇ ಅದೆ ಕಣವ್ವ. ಜಾಸ್ತಿ ಎಳ್ದಾಗ ಕಸ ಬಂದು ಬಾಯಿಗ್ ಮೆತ್ಕತದೆ. ನಿಲ್ಸುದ್ರೆ ಬುಟ್ಕತದೆ."

ಮರುವಾರ ಶೆಡ್ಡಿನ ಮುಂದೆ, ಬಯಲಿನಲ್ಲಿ, ಮಾವ ಟ್ಯಾಂಕು ಇಳಿಸಿದರು. ಒಲೆಯ ಕೆಂಡ ಆ ಕಡೆ ಬರಕೂಡದೆಂದು ಅತ್ತೆಗೆ ಮೊದಲೇ ತಾಕೀತಾಗಿತ್ತು. ಬೇಸಿನ್ನಿಗೆ ಬಗ್ಗಿಸಿದರೆ ಬಂದದ್ದು ಕಾಫಿ ಡಿಕಾಕ್ಷನ್ನಿನಂಥ ಪೆಟ್ರೋಲು, ಅದೇ ಹುಳಿ ವಾಸನೆ, ತಳದಲ್ಲಿ ತುಕ್ಕಿನ ಚಕ್ಕೆಗಳು. ಪೈಪಿನ ತುದಿಯ ಜಾಲರಿಗೆ ಕಂದು ಅಂಟು ಕೆನೆಯಂತೆ ಕಟ್ಟಿತ್ತು.

ಮಾವ ಆ ಅಂಟನ್ನು ಬೆರಳಲ್ಲಿ ಉಜ್ಜಿ ನೋಡುತ್ತಾ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತರು.

"ನಾನೇ ಕೆಡ್ಸಿದ್ದು ಕಣವ್ವ. ವರ್ಸ ನಿಲ್ಸಿಬುಟ್ಟೆ. ಓಡೋ ಗಾಡೀನ ಅಂಗ್ ನಿಲ್ಸ್ಬಾರದು, ನಂಗ್ ಗೊತ್ತಿತ್ತು."

"ಹೋಗ್ಲಿ ಬಿಡಿ ಮಾವ."

"ಅದ್ರ ಸದ್ದು ಕೇಳಕ್ಕಾಗ್ತಿರ್ನಿಲ್ಲ. ಅವ್ನು ಸಂಜೇಲಿ ಬರ್ತಿದ್ನಲ್ಲ, ಆ ತಿರುವ್ನಲ್ಲಿ ಸದ್ದಾದ್ರೆ ಸಾಕು, ಬಂದ ಅಂತ ನಾನು ಎದ್ ನಿಂತ್ಕತಿದ್ದೆ. ಈಗ್ಲೂ ನೀನ್ ಬರ್ತಿಯಾ, ಅದೇ ಸದ್ದು, ಅಂಗೇ ಎದ್ ನಿಂತ್ಬುಡ್ತೀನಿ... ಆಮೇಲ್ ಇಲ್ಲಿ ನಿಂತ್ಕಳಕಾಗಲ್ಲ. ಇತ್ಲಿಗ್ ಓಯ್ತೀನಿ."

ಅವರು ಹಿತ್ತಲಿಗೆ ಹೋಗುತ್ತಿದ್ದದ್ದು ಅದಕ್ಕೆ. ಇಬ್ಬರೂ ಅತ್ತೆವು. ಮಗ ತೀರಿದ ಮೇಲೆ ಮಾವ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಬಾಗಿಲವರೆಗೆ ಬಂದವರು ನಮ್ಮನ್ನು ನೋಡಿ ಹಾಗೇ ಒಳಗೆ ಹೋದರು.

ಆಮೇಲೆ ಮಾವ ಎದ್ದರು. ಟ್ಯಾಂಕಿಗೆ ಸಣ್ಣ ಜಲ್ಲಿಯನ್ನೂ ಒಂದಿಷ್ಟು ಸೀಮೆಎಣ್ಣೆಯನ್ನೂ ಹಾಕಿ ಬಾಯಿ ಬಿಗಿದರು. ಆ ತುದಿ ಅವರು, ಈ ತುದಿ ನಾನು, ಹಿಡಿದು ತೂಗಿದೆವು. ಒಳಗೆ ಕಲ್ಲು ಗಲಗಲ ಅನ್ನುವುದು ಕೇಳಿ ಮಗಳು ಚಪ್ಪಾಳೆ ತಟ್ಟಿ ಕುಣಿದಳು. ತೊಳೆದು, ಬಿಸಿಲಿಗೆ ಒಣಗಿಸಿ, ಹೊಸ ಜಾಲರಿ ತರಿಸಿ, ಮತ್ತೆ ಜೋಡಿಸಿದರು.

ಅದೇ ಏರಿಗೆ ಹೋದೆವು. "ತುಳಿ" ಎಂದರು. ಹೆದರುತ್ತಲೇ ತುಳಿದೆ. ಕಾರು ಎಲ್ಲೂ ತಡೆಯದೆ ಮೇಲಕ್ಕೆ ಎದ್ದು ಹೋಯಿತು. ಮಾವ ಡ್ಯಾಶ್‌ಬೋರ್ಡಿಗೆ ಅಂಗೈಯಿಂದ ಬಡಿದು, "ಎಳೀತು ಕಣವ್ವ, ಎಳೀತು!" ಎಂದು ಚಿಕ್ಕ ಹುಡುಗನಂತೆ ಕೂಗಿದರು. ಮನೆಗೆ ಬಂದು ಭಾವನಿಗೆ ಅವರು ಹೇಳಿದ್ದು ಇಷ್ಟೇ: "ಗಾಡಿ ಮಾರಲ್ಲ. ಅವಳು ಇಲ್ಲಿಂದ್ಲೇ ಓಗ್ ಬತ್ತಾಳೆ." ಭಾವ ಒಮ್ಮೆ ತಾವೂ ನನ್ನ ಪಕ್ಕ ಕೂತು ಕೋಟೆಗೆ ಬಂದು ನೋಡಿ, ಆ ಮಾತನ್ನು ಬಿಟ್ಟರು.

ಕಾರು ಸರಿಯಾದರೂ ಮಾವ ಭಾನುವಾರ ಬಂದು ಎಡಗಡೆ ಸೀಟಿನಲ್ಲಿ ಕೂರುವುದನ್ನು ಬಿಡಲಿಲ್ಲ. ಹುಣಸೂರಿಗೋ, ಗೊಬ್ಬರದ ಅಂಗಡಿಗೋ, ಏನಾದರೊಂದು ನೆಪ. ದಾರಿಯುದ್ದಕ್ಕೂ ಮಗನ ಮಾತು. ಅವನು ಸಣ್ಣವನಿದ್ದಾಗ ಲಾರಿಯಲ್ಲಿ ಬೇಲುಗಳ ಮೇಲೆ ಮಲಗಿ ಬಂದದ್ದು, ಶಾಲೆ ತಪ್ಪಿಸಿ ಸಿಕ್ಕಿಬಿದ್ದದ್ದು... ಅಷ್ಟು ಮಾತು ಆ ಮನುಷ್ಯನೊಳಗೆ ಎಲ್ಲಿತ್ತೋ. ನಾನು ಕಂಡಿರದ ನನ್ನ ಗಂಡನನ್ನು ಅವರು ಹಾಗೆ, ಸ್ವಲ್ಪ ಸ್ವಲ್ಪವಾಗಿ, ನನಗೆ ಕೊಟ್ಟರು.

ಕೆಲವು ವರ್ಷಗಳ ಮೇಲೆ, ಸಸಿ ನೆಡುವ ಕಾಲದಲ್ಲಿ, ಹೊಲದಲ್ಲೇ ಎದೆ ಹಿಡಿದುಕೊಂಡು ಕೂತ ಮಾವ ಮತ್ತೆ ಏಳಲಿಲ್ಲ. ಸ್ಕೂಲಿಗೆ ಫೋನು ಬಂತು. ಆ ದಿನ ಕೋಟೆಯಿಂದ ಹೇಗೆ ಬಂದೆನೋ... ಕಾರು ಎಲ್ಲಿಯೂ ಸೋಲಲಿಲ್ಲ. ನಾನು ಬರುವಷ್ಟರಲ್ಲಿ ಅವರನ್ನು ಜಗಲಿಯ ಮೇಲೆ ಮಲಗಿಸಿದ್ದರು.

ಈಗ ನನಗೆ ಪಿರಿಯಾಪಟ್ಟಣಕ್ಕೇ ವರ್ಗವಾಗಿದೆ. ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ಕಳೆದ ವಾರ ರಜಕ್ಕೆ ಬಂದಿದ್ದಾಗ, ಹಾಸ್ಟೆಲಿನವರೆಲ್ಲ ಈಜು ಕಲಿಯುತ್ತಿದ್ದಾರೆ, ಅಪ್ಪನಿಗೆ ಈಜು ಬರುತ್ತಿತ್ತಾ ಎಂದು ಕೇಳಿದಳು. ಬರುತ್ತಿತ್ತು. ಲಕ್ಷ್ಮಣತೀರ್ಥದಲ್ಲಿ ಕಲಿತದ್ದು. ಸೇತುವೆ ದಾಟುವಾಗ ಒಮ್ಮೆ ಮಾವ ಆ ಕತೆ ಎತ್ತಿದ್ದರು. ಮಗನನ್ನು ಬೆನ್ನ ಮೇಲೆ ಕೂರಿಸಿಕೊಂಡು ನೀರಿಗೆ ಇಳಿದರಂತೆ, ನಡು ಹೊಳೆಯಲ್ಲಿ ಅವನು ಕೈ ಬಿಟ್ಟನಂತೆ... ಅಷ್ಟರಲ್ಲಿ ಅಂಗಡಿ ಬಂತು, "ಇನ್ನೊಂದಿನ ಯೋಳ್ತೀನಿ" ಎಂದು ಇಳಿದಿದ್ದರು. ಅತ್ತೆಯನ್ನು ಕೇಳಿದರೆ, "ಅದು ಅವ್ರಿಬ್ರಿಗೇ ಗೊತ್ತು ಕಣವ್ವ, ನಂಗೆ ಯೋಳಿಲ್ಲ" ಎಂದರು.

ಅರ್ಧ ಮಾತ್ರ ನನಗೆ ಗೊತ್ತು ಮಗಳೇ, ಉಳಿದದ್ದು ಹೇಳುವವರಿಲ್ಲ ಎಂದೆ.

"ಗೊತ್ತಿರೋಷ್ಟೇ ಹೇಳಮ್ಮ" ಎಂದು ಹತ್ತಿರ ಸರಿದು ಕೂತಳು.

ಗೊತ್ತಿರುವಷ್ಟು ಹೇಳಿದೆ.